ಮಂಚದ ಕೆಳಗಿನ ಸ್ಟೆಪ್ನಿ

ಆರ್ಡಿತ್ ಕ್ವಾಮ್ ದಿನವೂ ಮಧ್ಯಾಹ್ನ ಎರಡು ಗಂಟೆಗೆ ಮಂಚ, ಒಲೆ ಎಲ್ಲ ಇರುವ ತಮ್ಮ ಮನೆಗಾಡಿ, ಮೋಟರ್‌ಹೋಮಿನಿಂದ ಇಳಿದು ಹೊರಗೆ ಕೂರುತ್ತಿದ್ದರು. ಅರಿಝೋನಾದ ಈ ಬಯಲಿಗೆ ಚಳಿಗಾಲ ಕಳೆಯಲು ಬರುವ ಮುದುಕ ಮುದುಕಿಯರೆಲ್ಲ ಬಿಸಿಲು ಏರಿದ ಮೇಲೆ ಒಳಗೆ ಹೋಗುತ್ತಾರೆ. ಆ ಹೊತ್ತಿಗೆ ಹೊರಗೆ ಬರುವವರು ಆಕೆ ಒಬ್ಬರೇ. ಮಡಚುವ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಅರ್ಧ ಹೊಲಿದ ಕೌದಿ ಹರಡಿಕೊಂಡು, ಮೂರು ಗಂಟೆಯಾದ ಮೇಲೆ ಎದ್ದು ಹೋಗುತ್ತಿದ್ದರು. ನಮ್ಮ ಟ್ರೈಲರ್ ಪಕ್ಕದಲ್ಲೇ ಇರುವುದರಿಂದ ಆರು ಚಳಿಗಾಲ ನಾನು ಇದನ್ನು ನೋಡಿದ್ದೇನೆ.

ಒಮ್ಮೆ ಕಾರಣ ಕೇಳಿದ್ದಕ್ಕೆ ಒಳಗೆ ರಬ್ಬರಿನ ವಾಸನೆ ಎಂದರು. ಮಂಚದ ಕೆಳಗಿನ ಗೂಡಿನಲ್ಲಿ ಒಂದು ಸ್ಟೆಪ್ನಿ ಇಟ್ಟುಕೊಂಡಿದ್ದರು. ಬಿಸಿಲಿಗೆ ಅದು ಬೆವರುತ್ತದಂತೆ. ಎರಡು ಗಂಟೆಗೆ ಉಸಿರು ಕಟ್ಟುವಷ್ಟಾಗುತ್ತದಂತೆ. ನಾನು ಎಷ್ಟೋ ಸಲ ಒಳಗೆ ಹೋಗಿದ್ದೇನೆ. ನನಗೆ ಕಾಫಿಯ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಆಕೆ ಉತ್ತರದ ಚಳಿನಾಡು ನಾರ್ತ್ ಡಕೋಟದವರು. ಇಪ್ಪತ್ತಾರು ವರ್ಷ ಶಾಲಾ ಬಸ್ಸು ಓಡಿಸಿದವರು. ಬಸ್ಸು ಹತ್ತುವ ಮೊದಲು ಮರದ ಕೋಲಿನಿಂದ ಪ್ರತಿ ಚಕ್ರಕ್ಕೂ ಒಂದೇಟು ಹೊಡೆದು ಸದ್ದು ಕೇಳುವುದು ಅವರ ಅಭ್ಯಾಸ. ಗಾಳಿ ಇರುವ ಟೈರು ಒಂದು ಥರ ಸದ್ದು ಮಾಡುತ್ತದೆ, ಇಳಿದದ್ದು ಇನ್ನೊಂದು ಥರ. ಗಂಡ ಓರ್ಲಿನ್ ಜಲ್ಲಿ ಲಾರಿ ಓಡಿಸುತ್ತಿದ್ದರು. ಇಬ್ಬರಿಗೂ ಸ್ಟಿಯರಿಂಗ್ ಬಿಟ್ಟಿರಲಾಗದೆ, ನಿವೃತ್ತರಾದ ಮೇಲೆ ಬಸ್ಸಿನಷ್ಟು ದೊಡ್ಡ ಈ ಮೋಟರ್‌ಹೋಮ್ ಕೊಂಡರು.

ಇಂಥ ದೊಡ್ಡ ಗಾಡಿಗಳ ಜೊತೆ ಸಾಮಾನ್ಯವಾಗಿ ಸ್ಟೆಪ್ನಿ ಬರುವುದಿಲ್ಲ. ಡಿಸ್ಕ್ ಸಮೇತ ಅದು ಸಿಮೆಂಟ್ ಮೂಟೆಗಿಂತ ಭಾರ, ಇಡಲು ಜಾಗವೂ ಇರುವುದಿಲ್ಲ. ಹೊತ್ತುಕೊಂಡು ತಿರುಗಬೇಕೋ ಬೇಡವೋ ಎನ್ನುವುದು ನಮ್ಮ ಬಯಲಿನಲ್ಲಿ ಮುಗಿಯದ ವಾದ. ಅದನ್ನು ಎತ್ತಿ ಹಾಕುವ ಶಕ್ತಿ ನಮಗೆಲ್ಲಿದೆ, ಎತ್ತುವವನು ಬರುವಾಗ ಟೈರನ್ನೂ ತರುತ್ತಾನೆ ಎನ್ನುತ್ತಾರೆ ಒಂದು ಪಕ್ಷದವರು. ಬರುತ್ತಾನೆ, ಆದರೆ ನಿನ್ನ ಅಳತೆಯದ್ದು ತರುತ್ತಾನೆಯೇ ಎನ್ನುತ್ತಾರೆ ಇನ್ನೊಂದು ಪಕ್ಷದವರು. ವಾದ ಸೋಲುವ ಹಾಗಾದಾಗ ಅವರಲ್ಲಿ ಯಾರಾದರೂ ಓರ್ಲಿನ್ ಕ್ವಾಮ್ ಹೆಸರು ಎತ್ತುತ್ತಿದ್ದರು. ಓರ್ಲಿನ್ ಥರ ಸ್ಟೆಪ್ನಿ ಬೇಡ ಎಂದು ಹಠ ಮಾಡಬೇಡ, ಓರ್ಲಿನ್ ಥರ ರಸ್ತೆ ಮೇಲೆ ಸಾಯಬೇಡ. ಆರ್ಡಿತ್ ಅಲ್ಲೇ ಕೂತಿದ್ದರೆ ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದರು.

ಆದರೆ ಓರ್ಲಿನ್ ಗಾಡಿ ಕೊಂಡ ದಿನವೇ ಹೊಸ ಸ್ಟೆಪ್ನಿ ಕೊಂಡಿದ್ದರು. ಅದನ್ನು ಇಳಿಸಿದವರು ಆರ್ಡಿತ್. ಈ ವಿಷಯ ಆಗ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅವರು ಹೇಳಿದ್ದನ್ನೇ, ಒಂದೆರಡು ಕಡೆ ಮತ್ತೆ ಕೇಳಿ ಸರಿಮಾಡಿಕೊಂಡು, ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಹದಿಮೂರರ ಆಗಸ್ಟ್ ಕೊನೆ. ಆ ಸಲ ಚಳಿ ಶುರುವಾಗುವ ಮೊದಲೇ ಹೊರಡುವವರಿದ್ದರು. ಆ ವರ್ಷ ಆರ್ಡಿತ್‌ಗೆ ಕೌದಿ ಹೊಲಿಯುವ ಮರದ ಚೌಕಟ್ಟನ್ನು ಜೊತೆಗೆ ತರುವ ಆಸೆ. ಅದಕ್ಕೆ ಇದ್ದ ಒಂದೇ ಜಾಗ ಮಂಚದ ಕೆಳಗಿನ ಗೂಡು, ಅಲ್ಲಿ ಸ್ಟೆಪ್ನಿ ಕೂತಿತ್ತು. ಎರಡು ದಿನ ವಾದವಾಯಿತು. ಇಪ್ಪತ್ತಾರು ವರ್ಷ, ದಿನಕ್ಕೆ ಅರವತ್ತು ಮಕ್ಕಳನ್ನು ಸ್ಟೆಪ್ನಿ ಇಲ್ಲದ ಬಸ್ಸಿನಲ್ಲಿ ತಿರುಗಿಸಿದ್ದೇನೆ, ಏನಾಯಿತು ಎಂದು ಆರ್ಡಿತ್ ಕೇಳಿದರು. ಅದು ನಿಜವೇ. ಅಲ್ಲಿಯ ಶಾಲಾ ಬಸ್ಸುಗಳಲ್ಲಿ ಸ್ಟೆಪ್ನಿ ಇಡುತ್ತಿರಲಿಲ್ಲ, ಕೆಟ್ಟು ನಿಂತರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬಸ್ಸು ಬರುತ್ತಿತ್ತು. ಓರ್ಲಿನ್ ಸೋತು ಹೊರಗೆ ಹೋದರು. ಆಕೆಯೇ ಹಲಗೆ ಇಟ್ಟು ಟೈರನ್ನು ಉರುಳಿಸಿಕೊಂಡು ಹೋಗಿ ಊರಿನ ಶೆಡ್ಡಿನಲ್ಲಿ ಒರಗಿಸಿದರು.

ನೆವಾಡ ಮರುಭೂಮಿಯ ಒಂದು ಖಾಲಿ ರಸ್ತೆಯಲ್ಲಿ ಮುಂದಿನ ಬಲಗಡೆಯ ಟೈರು ಒಡೆಯಿತು. ಕಿತ್ತು ಹಾರಿದ ರಬ್ಬರ್ ಪಟ್ಟಿ ಜನರೇಟರಿನ ವಯರುಗಳನ್ನೂ ಹರಿದುಹಾಕಿತು, ಏಸಿ ನಿಂತಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿದ. ಅವನ ಹತ್ತಿರ ದೊಡ್ಡ ಜಾಕ್ ಇತ್ತು, ತೋಳಿನಲ್ಲಿ ಶಕ್ತಿಯೂ ಇತ್ತು. ಸ್ಟೆಪ್ನಿ ಕೊಡಿ, ಅರ್ಧ ಗಂಟೆಯಲ್ಲಿ ಹಾಕಿಬಿಡುತ್ತೇನೆ ಎಂದ. ಹನ್ನೆರಡು ಮೈಲಿ ಮುಂದೆ ಪೆಟ್ರೋಲ್ ಬಂಕಿದೆ, ಮರಗಳಿವೆ ಎಂದೂ ಹೇಳಿದ.

ಆರ್ಡಿತ್ ನೆಲ ನೋಡಿದರು. ಓರ್ಲಿನ್ ಟೋಪಿ ತೆಗೆದು ತಲೆ ಒರೆಸಿಕೊಂಡರು.

"ತಂದಿಲ್ಲ ಕಣಪ್ಪ. ನಂದೇ ಹಠ. ಹೆಂಡ್ತಿ ಬಡ್ಕೊಂಡ್ಳು, ನಾನು ಕೇಳ್ಲಿಲ್ಲ."

ನಾನು ಮತ್ತೆ ಕೇಳಿ ಖಚಿತ ಮಾಡಿಕೊಂಡ ಮಾತು ಇದು. ಅಷ್ಟನ್ನೇ ಹೇಳಿದರಂತೆ. ಹೇಳುವಾಗ ಆಕೆಯ ಕಡೆ ತಿರುಗಿ ನೋಡಲೂ ಇಲ್ಲವಂತೆ.

ಡ್ರೈವರ್ ಇಬ್ಬರನ್ನೂ ಲಾರಿಗೆ ಹತ್ತಿ ಎಂದು ಕರೆದ. ಓರ್ಲಿನ್ ಗಾಡಿ ಬಿಟ್ಟು ಬರಲು ಒಪ್ಪಲಿಲ್ಲ, ಆಕೆ ಗಂಡನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಸುದ್ದಿ ಮುಟ್ಟಿಸುತ್ತೇನೆಂದು ಹೇಳಿ ಅವನು ಹೋದ, ಮುಟ್ಟಿಸಿದ ಕೂಡ. ಆ ಅಳತೆಯ ಟೈರು ಹುಡುಕಿ ತರುವ ಹೊತ್ತಿಗೆ ಸಂಜೆ ಐದಾಗಿತ್ತು. ಓರ್ಲಿನ್ ಎರಡು ಗಂಟೆಗೇ, ಕಾದ ಗಾಡಿಯೊಳಗೆ, ಇದೇ ಮಂಚದ ಮೇಲೆ ಉಸಿರು ಬಿಟ್ಟಿದ್ದರು. ಕೆಳಗೆ ಗೂಡಿನಲ್ಲಿ ಕೌದಿಯ ಚೌಕಟ್ಟಿತ್ತು.

ಆ ಲಾರಿ ಡ್ರೈವರ್ ಹೇಳಿದ ಮಾತೇ ಬಾಯಿಂದ ಬಾಯಿಗೆ ಹೋಗಿ ನಮ್ಮ ಬಯಲು ಮುಟ್ಟಿತು. ಆರ್ಡಿತ್ ಊರಿಗೆ ಹೋಗಿ ಚೌಕಟ್ಟನ್ನು ಒಲೆಗೆ ಹಾಕಿದರು. ಶೆಡ್ಡಿನಿಂದ ಅದೇ ಸ್ಟೆಪ್ನಿಯನ್ನು ತಂದು ಅದೇ ಗೂಡಿನಲ್ಲಿಟ್ಟರು. ಆಮೇಲೆ ಪ್ರತಿ ವರ್ಷವೂ ಮುನ್ನೂರು ಮೈಲಿ ಸುತ್ತಿ, ಆ ರಸ್ತೆ ತಪ್ಪಿಸಿ ಬರುತ್ತಿದ್ದರು. ಗಂಡನ ಹೆಸರು ಹಠಮಾರಿ ಎಂದು ಓಡಾಡುತ್ತಲೇ ಇತ್ತು. ಬಾಯಿ ಬಿಡಲು ಅವರಿಂದ ಆಗಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಗಾರ್ತ್ ಬಿಕೆಲ್ ಮತ್ತು ಟ್ರೆಸ್ಸಾ ಎಂಬ ಹೊಸ ದಂಪತಿ ಬಂದರು. ಆರ್ಡಿತ್ ಅವರದ್ದೇ ಅಳತೆಯ ಚಕ್ರಗಳ ಗಾಡಿ. ಸ್ಟೆಪ್ನಿ ಇರಲಿಲ್ಲ. ಆ ಗುರುವಾರ ಹೊರಟು ನೆವಾಡದ ಅದೇ ರಸ್ತೆಯಲ್ಲಿ ಹೋಗುವವರಿದ್ದರು. ಟ್ರೆಸ್ಸಾಗೆ ಸ್ಟೆಪ್ನಿ ಬೇಕಿತ್ತು. ಗಾರ್ತ್‌ಗೆ ಬೇಡವಾಗಿತ್ತು, ಇರುವ ಜಾಗದಲ್ಲಿ ಮಾಂಸ ಸುಡುವ ಒಲೆ ಇಟ್ಟುಕೊಂಡಿದ್ದ. ಅವರ ಜಗಳ ನಮ್ಮೆಲ್ಲರಿಗೂ ಕೇಳುತ್ತಿತ್ತು.

ಮಂಗಳವಾರ ಬೆಳಿಗ್ಗೆ ಆರ್ಡಿತ್ ಆ ದಂಪತಿಯ ಬಳಿ ಹೋಗಿ, ನನ್ನದನ್ನು ತೆಗೆದುಕೊಳ್ಳಿ, ಒಂದು ದಿನವೂ ರಸ್ತೆ ಕಾಣದ ಟೈರು ಎಂದರು. ಆ ಟೈರು ಆ ರಸ್ತೆಯನ್ನು ಒಮ್ಮೆ ದಾಟಿ, ಯಾರನ್ನಾದರೂ ಒಮ್ಮೆ ಉಳಿಸಿದರೆ ತಾನು ಬಾಯಿ ಬಿಡದೆಯೇ ಲೆಕ್ಕ ತೀರುತ್ತದೆ ಎಂದು ಅವರ ಎಣಿಕೆ.

ಗಾರ್ತ್ ಮತ್ತು ಡೆಲ್ಮರ್ ಪ್ರೂಯಿಟ್ ಸೇರಿ ಅದನ್ನು ಇಳಿಸಿದರು. ಡೆಲ್ಮರ್ ಮೂವತ್ತು ವರ್ಷ ಟೈರು ಅಂಗಡಿ ಇಟ್ಟಿದ್ದ ಮುದುಕ. ಸ್ಟೆಪ್ನಿ ಪಕ್ಷದ ನಾಯಕ. ಬಿಸಿಲಿನಲ್ಲಿ ನಿಲ್ಲಿಸಿದಾಗ ಅದು ನಿನ್ನೆ ಕೊಂಡಂತೆ ಕರ್ರಗೆ ಹೊಳೆಯಿತು, ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ. ಡೆಲ್ಮರ್ ಕನ್ನಡಕ ಏರಿಸಿ, ಉಗುಳು ಹಚ್ಚಿ ಪಕ್ಕದ ಧೂಳು ಉಜ್ಜಿದ. ಅಲ್ಲಿ ನಾಲ್ಕು ಅಂಕಿಗಳಿರುತ್ತವೆ, ಟೈರು ತಯಾರಾದ ವಾರ ಮತ್ತು ವರ್ಷ.

"ಎರಡ್ ಸಾವಿರದ ನಾಲ್ಕು, ಮೂವತ್ತೊಂದನೇ ವಾರ," ಎಂದ. "ಇದ್ರ ವಯಸ್ಸಿನ ನನ್ ಮೊಮ್ಮಗಳು ಕಾರ್ ಓಡಿಸೋಕೆ ಕಲೀತಿದಾಳೆ."

"ಒಂದ್ ದಿನಾನೂ ರಸ್ತೆ ಮುಟ್ಟಿಲ್ಲ ಡೆಲ್ಮರ್."

"ಮುಟ್ಟದೇ ಇದ್ರೆ ವಯಸ್ಸು ನಿಲ್ಲುತ್ತಾ ತಾಯಿ? ಮೂಲೇಲಿ ಕೂತೋರಿಗೇ ಬೇಗ ಮುಪ್ಪು." ಹೆಬ್ಬೆರಳಿನಿಂದ ಒತ್ತಿದಾಗ ಡಿಸ್ಕಿನ ಹತ್ತಿರ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು. "ಇದು ಹೆಣ. ಇಷ್ಟ್ ವರ್ಷ ಹೆಣದ್ ಮೇಲೆ ಮಲಗಿದ್ದೀಯ ನೀನು. ಓರ್ಲಿನ್ ಇದ್ದಿದ್ರೆ ನಗ್ತಿದ್ದ. ಪುಣ್ಯಾತ್ಮ, ಸ್ಟೆಪ್ನಿ ಅಂದ್ರೆ ಆಗ್ತಿರ್ಲಿಲ್ಲ ಅವ್ನಿಗೆ."

ಗಾರ್ತ್ ನಕ್ಕ. ನೋಡಿದೆಯಾ, ಸುಮ್ಮನೆ ಭಾರ ಎಂದು ಟ್ರೆಸ್ಸಾ ಕಡೆ ತಿರುಗಿದ. ಹಾಗೇ ಹೋಗೋಣ ಎನ್ನುವ ಮಾತು ಅವನ ಬಾಯಲ್ಲಿತ್ತು. ಆರ್ಡಿತ್ ಟೈರಿನ ಮೇಲೆ ಕೈ ಇಟ್ಟಿದ್ದರು. ಬಹಳ ಹೊತ್ತು ತೆಗೆಯಲಿಲ್ಲ.

"ಓರ್ಲಿನ್ ಒಂಬತ್ತು ವರ್ಷ ಇದನ್ನ ಹೊತ್ತಿದ್ದ," ಎಂದರು. "ಇಳಿಸಿದ್ದು ನಾನು. ಕೌದಿ ಚೌಕಟ್ಟಿಗೆ ಜಾಗ ಬೇಕಿತ್ತು ನಂಗೆ. ಆವತ್ತು ಲಾರಿಯವ್ನು ಕೇಳ್ದಾಗ ಅವನು ತನ್ ಮೇಲೆ ಹಾಕ್ಕೊಂಡ. ನಾನು ಸುಮ್ನಿದ್ದೆ. ಅವತ್ತಿಂದ ಸುಮ್ನೇ ಇದೀನಿ."

ಡೆಲ್ಮರ್ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ. ಆಮೇಲೆ, ಕೆಟ್ಟ ಮನುಷ್ಯನಲ್ಲ ಅವನು, ಬೆರಳು ಮಡಿಚಿ ಎಣಿಸಿದ.

"ನೋಡು ಆರ್ಡಿತ್. ಆವತ್ತಿಗೇ ಇದಕ್ಕೆ ಒಂಬತ್ತು ವರ್ಷ. ಇದ್ದಿದ್ರೂ ನಾನು ಮುಂದಿನ ಚಕ್ರಕ್ಕೆ ಹಾಕೋಕೆ ಬಿಡ್ತಿರ್ಲಿಲ್ಲ. ಆ ಬಿಸಿಲಲ್ಲಿ ನೂರು ಮೈಲೀನೂ ಬರ್ತಿರ್ಲಿಲ್ಲ ಇದು."

"ನೂರು ಯಾರಿಗ್ ಬೇಕಿತ್ತು ಡೆಲ್ಮರ್," ಎಂದರು ಆರ್ಡಿತ್. "ಹನ್ನೆರಡು ಸಾಕಿತ್ತು."

ಗಾರ್ತ್ ತನ್ನ ಗಾಡಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನು ಒಲೆಯನ್ನು ಹೊರಗೆಳೆದು ಮರಳಿನ ಮೇಲೆ ಇಡುವುದು ಕಾಣಿಸಿತು. ಪೇಟೆಗೆ ಫೋನ್ ಮಾಡಿ ಹೊಸ ಟೈರು ತರಿಸಿದ. ಅದು ಬರುವುದು ಶನಿವಾರವಾಯಿತು, ಗಂಡ ಹೆಂಡತಿ ಕಾದು ಭಾನುವಾರ ಹೊರಟರು. ಡೆಲ್ಮರ್ ಹಳೆಯ ಟೈರನ್ನು ಆ ಮಂಗಳವಾರವೇ ತನ್ನ ಪಿಕಪ್ಪಿನಲ್ಲಿ ಸಾಗಿಸಿದ್ದ. ಈಗ ಯಾರಾದರೂ ಓರ್ಲಿನ್ ಥರ ಹಠ ಎಂದರೆ, ಓರ್ಲಿನ್ ಹೊತ್ತಿದ್ದ ಕಣೋ ಎಂದು ಅವನೇ ತಿದ್ದುತ್ತಾನೆ. ಇಳಿಸಿದ್ದು ಯಾರು ಎಂದು ಹೇಳುವುದಿಲ್ಲ.

ಟೈರು ಹೋದ ಮರುದಿನ, ಬುಧವಾರ, ಎರಡು ಗಂಟೆಗೆ ಆರ್ಡಿತ್ ಹೊರಗೆ ಬರಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಹೋಗಿ ನೋಡಿದೆ. ಬಾಗಿಲು ತೆರೆದಿತ್ತು. ಅವರು ಮಂಚದ ತುದಿಯಲ್ಲಿ ಕೂತಿದ್ದರು. ಕೆಳಗಿನ ಗೂಡಿನ ಬಾಗಿಲೂ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

"ಇನ್ನೂ ಬರ್ತಿದೆ," ಎಂದರು. "ನಿಂಗೆ ಬರುತ್ತಾ ನೋಡು ಮಗು."

ನಾನು ಮೆಟ್ಟಿಲಿನ ಮೇಲೆ ನಿಂತು ಮೂಸಿದೆ. ಸುಳ್ಳು ಹೇಳಬಾರದೆಂದು ಎರಡನೇ ಸಲ ಮೂಸಿದೆ. ಆ ದಿನ ಕಾಫಿಯ ವಾಸನೆ ಇರಲಿಲ್ಲ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಅಡರಿತು.

ಬಂತು ಎಂದೆ.

ಅವರು ತಲೆಯಾಡಿಸಿದರು. ಎದ್ದು ಹೊರಗೆ ಬರಲಿಲ್ಲ. ಮಂಚದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟರು. ಅದು ನನಗಲ್ಲ ಎಂದು ಗೊತ್ತಾಯಿತು. ನಾನು ಹೊರಗೇ ನಿಂತೆ.