ಉತಾರಾ ಎತ್ತಿದವನು

ಅವನ ಬಲಗಿವಿಯ ಮೇಲಿನ ಮಡಿಕೆಯಲ್ಲಿ ಯಾವಾಗಲೂ ಕಡಲೆಕಾಳಿನಷ್ಟು ಹತ್ತಿ ಇರುತ್ತಿತ್ತು, ಅತ್ತರಿನಲ್ಲಿ ಅದ್ದಿದ್ದು. ವಾರ ಕಳೆಯುವಷ್ಟರಲ್ಲಿ ಅದು ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಆದರೂ ತೆಗೆಯುತ್ತಿರಲಿಲ್ಲ. ಹಿನಾ ಅತ್ತರು ಎಂದು ನನ್ನ ನೆನಪು. ಮಲ್ಲಿಗೆಯದು ಎಂದು ಅವ್ವ ಹಟ ಹಿಡಿಯುತ್ತಾಳೆ. ಓಣಿಯ ತಿರುವಿನಲ್ಲಿ ಮೊದಲು ಕೊಳೆತ ಕಾಯಿಪಲ್ಲೆಯ ನಾತ ಬರುತ್ತಿತ್ತು, ಅದರ ಹಿಂದೆಯೇ ತೆಳ್ಳಗೆ ಅತ್ತರು ಬರುತ್ತಿತ್ತು ಅನ್ನುವುದರಲ್ಲಿ ಮಾತ್ರ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಮನೆಮನೆಯ ಕಸ ಒಯ್ಯುವ ಗಾಡಿಗೆ ಸೊಲ್ಲಾಪುರದಲ್ಲಿ ಘಂಟಾಗಾಡಿ ಅನ್ನುತ್ತಾರೆ. ಘಂಟೆ ಹೋಗಿ ಧ್ವನಿವರ್ಧಕದ ಮರಾಠಿ ಹಾಡು ಬಂದು ವರ್ಷಗಳಾದರೂ ಹೆಸರು ಉಳಿದಿದೆ. ಅವನು ಆ ಗಾಡಿಯ ಹಿಂದೆ ನಡೆಯುತ್ತಿದ್ದ. ಓಣಿಗೆಲ್ಲ ಅವನು ಮಾಮಾ. ಹುಟ್ಟಿದ್ದು ಕನ್ನಡ ಮಾತಾಡುವ ಕರಜಗಿಯಲ್ಲಿ, ಹಾಗಾಗಿ ನಮ್ಮಂಥ ಕನ್ನಡದ ಮನೆಗಳ ಮುಂದೆ ಅವನ ನಾಲಿಗೆ ಹೆಚ್ಚು ಹರಿಯುತ್ತಿತ್ತು. ಸಾಧು ಮನುಷ್ಯನೇನೂ ಅಲ್ಲ. ಮೀಸೆಗೆ ಬಣ್ಣ ಹಚ್ಚುತ್ತಿದ್ದ, ಸಂಜೆ ಕುಡಿಯುತ್ತಿದ್ದ, ಹೆಂಗಸರನ್ನು ರೇಗಿಸುತ್ತಿದ್ದ. ಅವ್ವ ಒಂದೇ ಡಬ್ಬಿಯಲ್ಲಿ ಎಲ್ಲ ತುಂಬಿ ತಂದರೆ, "ಅಕ್ಕಾರ, ಅತ್ತಿ ಸೊಸಿನ್ನ ಒಂದ ಖೋಲ್ಯಾಗ ಹಾಕಿ ಕೀಲಿ ಹಾಕಿದಂಗ ಆತಲ್ರಿ ಇದು! ಹಸೀದು ಇತ್ತಾಗ ಕೊಡ್ರಿ, ಒಣಾದು ಅತ್ತಾಗ," ಅನ್ನುತ್ತಿದ್ದ. ಅವ್ವ ಅವನನ್ನು ಬೈಯುತ್ತಲೇ ಕಸ ಬೇರೆ ಮಾಡುತ್ತಿದ್ದಳು.

ಅವನ ಖ್ಯಾತಿಗೆ ಕಾರಣ ಬೇರೆ. ಮನೆಯಲ್ಲಿ ಯಾರಾದರೂ ಬೇನೆ ಬಿದ್ದರೆ ಅಮಾವಾಸ್ಯೆಯ ಸಂಜೆ ನಿಂಬೆಹಣ್ಣು, ಅನ್ನ, ರೊಟ್ಟಿ, ಕರೀ ಬಟ್ಟೆಯ ಗೊಂಬೆ ಇವನ್ನು ಅವರ ಮೈಸುತ್ತ ಇಳಿ ತೆಗೆದು ಮೂರು ದಾರಿ ಕೂಡುವಲ್ಲಿ ಇಟ್ಟು, ಹಿಂದೆ ನೋಡದೆ ಬರುವುದು ನಮ್ಮಲ್ಲಿಯ ರೂಢಿ. ಇದಕ್ಕೆ ಉತಾರಾ ಅನ್ನುತ್ತಾರೆ. ಬೇನೆ ಅದರೊಳಗೆ ಇಳಿಯುತ್ತದೆ, ಯಾರು ದಾಟುತ್ತಾರೋ ಮುಟ್ಟುತ್ತಾರೋ ಅವರಿಗೆ ಹತ್ತುತ್ತದೆ ಅನ್ನುವುದು ನಂಬಿಕೆ. ಮರುದಿನ ಬೆಳಿಗ್ಗೆ ಗಾಡಿಯ ಚಾಲಕ ಆ ಮೂಲೆಯಲ್ಲಿ ಇಳಿಯುತ್ತಲೇ ಇರಲಿಲ್ಲ. ಬೇರೆ ಗುಡಿಸುವವರು ನಾಯಿ ಬರಲೆಂದು ಕಾಯುತ್ತಿದ್ದರು. ಮಾಮಾ ಮಾತ್ರ ಬಗ್ಗಿ, ಬರಿಗೈಯಲ್ಲಿ ಎತ್ತುತ್ತಿದ್ದ. ಎತ್ತಿ ಬೇರೆ ಬೇರೆ ಹಾಕುತ್ತಿದ್ದ. "ಲಿಂಬಿ ಹಸೀದು, ಗೊಂಬಿ ಒಣಾದು!" ಎಂದು ಕಿಟಕಿಗಳ ಹಿಂದೆ ನಿಂತವರಿಗೆ ಕೇಳುವಂತೆ ಕೂಗುತ್ತಿದ್ದ.

ನಾನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ಬಂದು ಕಾಲೇಜಿನಲ್ಲಿ ಪಾಠ ಹೇಳುವವನು. ಆ ಕೂಗು ಕೇಳಿದಾಗ ನನಗೆ ಊರಲ್ಲಿ ಜೊತೆಗೊಬ್ಬ ಇದ್ದಾನೆ ಅನ್ನಿಸುತ್ತಿತ್ತು. ಓಣಿಗೆ ಅನ್ನಿಸಿದ್ದು ಬೇರೆಯೇ. ಮಾಮಾ ತಡಕೊಳ್ಳುತ್ತಾನೆ, ಆದ್ದರಿಂದ ಇಡಬಹುದು. ಉತಾರಾಗಳು ಹೆಚ್ಚಿದವು. "ಮಾಮಾ, ನಾಳೆ ಜರಾ ಲೌಕರ, ಬೆಳಕ ಹರಿಯೂದ್ರಾಗ ಬಾರಪ್ಪಾ," ಎಂದು ಅವ್ವನೂ ಹೇಳಿದ್ದು ಕೇಳಿದ್ದೇನೆ. ಆಗ ಜ್ವರ ನನಗೇ ಬಂದಿತ್ತು.

ಆಮೇಲೆ ಅವನು ಕೆಮ್ಮತೊಡಗಿದ. ನಮ್ಮ ಓಣಿಗೆ ಬರುವ ಮೊದಲು ಅವನು ಹಲವು ವರ್ಷ ಊರ ಹೊರಗಿನ ಕಸದ ಡಿಪೋದಲ್ಲಿ ದುಡಿದಿದ್ದ. ಅಲ್ಲಿ ಬೇಸಗೆಯಲ್ಲಿ ಕಸ ತಾನೇ ಹೊತ್ತಿಕೊಂಡು ದಿನಗಟ್ಟಲೆ ಹೊಗೆಯಾಡುತ್ತದೆ. ಪುಪ್ಪುಸ ಸುಟ್ಟ ಅರಿವೆಯಂತಾಗಿದೆ ಎಂದರು ದವಾಖಾನೆಯವರು. ಓಣಿ ಅದನ್ನು ಕೇಳಿಸಿಕೊಳ್ಳಲಿಲ್ಲ. "ನಮ್ಮೆಲ್ಲಾರ ಪೀಡಾ ಪಾಪ ಅವ್ನ ಮೈಮ್ಯಾಲ ಹೋತು," ಎಂದಿತು. ಹಾಗೆಂದವರೇ ಕಸದ ಡಬ್ಬಿಯನ್ನು ಕೈಗೆ ಕೊಡುವುದು ಬಿಟ್ಟು ಗೇಟಿನ ಹೊರಗೆ ಇಟ್ಟು ಬಾಗಿಲು ಹಾಕಿಕೊಂಡರು. ನಮ್ಮ ಮನೆಯಲ್ಲಿ ಅವನ ಚಹಾ ಕಟ್ಟೆಯ ಮೇಲೆ ತಣ್ಣಗಾಗುತ್ತಿತ್ತು.

ಅವನು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಪಾಲಿಕೆ ಕೊಟ್ಟಿದ್ದ ಅವನ ಕ್ವಾರ್ಟರ್ಸಿಗೆ ಹೋಗಿದ್ದೆ. ಒಂದೇ ಖೋಲಿ. ಮೀಸೆಯ ಬೇರಿನಲ್ಲಿ ಬಿಳುಪು ಕಾಣುತ್ತಿತ್ತು. ಹೆಂಡತಿ ಕಾಲ ಹತ್ತಿರ ಕೂತಿದ್ದಳು. ನರ್ಸಿಂಗ್ ಓದುತ್ತಿದ್ದ ಮಗಳನ್ನು ಅವನು ಹಾಲು ತರಲು ಕಳಿಸಿ, ನನ್ನ ಮಣಿಕಟ್ಟು ಹಿಡಿದ.

"ಸರ, ನಾ ಹೋದ್ರ ನನ್ನ ನೌಕರಿ ಜಾಗಾ ವಾರಸಕ್ಕ, ಮನ್ಯಾಗಿನ ಒಬ್ರಿಗಿ ಸಿಗ್ತದ. ಮಗಳಿಗಿ ಝಾಡೂ ಕೊಡ್ತಾರ. ಆಕಿ ಹೂಂ ಅಂತಾಳ."

ಹೆಂಡತಿ ತಲೆ ಎತ್ತಲಿಲ್ಲ. "ಹೂಂ ಅನ್ಲಿಲ್ಲಂದ್ರ ಈ ಖೋಲಿ ಬಿಡಬೇಕಾಗ್ತದ್ರಿ. ಎಲ್ಲಿ ಹೋಗೂನು?"

"ನೀ ಸುಮ್ನಿರು. ಸರ, ನೀವು ಓದಿದವ್ರು. ನಿಮ್ಮ ಮಾತಂದ್ರ ಆಕಿಗಿ ದೇವ್ರ ಮಾತು. ಉತಾರಾ ಎತ್ತಿ ನಿಮ್ಮಪ್ಪ ಸಾಯಾಕತ್ತಾನ ಅಂತ ಆಕಿಗಿ ಹೇಳ್ರಿ. ಆಕಿ ಅಂಜಬೇಕು. ಅಂಜಿದ್ರ ಈ ಕೆಲ್ಸಕ್ಕ ಬರಂಗಿಲ್ಲ."

"ಮಾಮಾ, ನೀನೇ ನಂಬಂಗಿಲ್ಲಲ್ಲ ಅದನ್ನ."

"ನಾ ಎಲ್ಲಿ ನಂಬ್ತೀನ್ರಿ? ಆಕಿ ನಂಬ್ಲಿ. ನನ್ನ ಮಾತಿಗಿ ಆಕಿ ನಗ್ತಾಳ. ಇಷ್ಟ ದಿನಾ ನಾನ ನಗಸೀನಲ್ರಿ."

ಮಗಳು ಹಾಲು ಹಿಡಿದು ಬಂದಳು. ನನ್ನ ನೆನಪಿನ ಪ್ರಕಾರ ನಾನು ಅವಳನ್ನು ಹತ್ತಿರ ಕರೆದು ಹೇಳಿದೆ: "ತಂಗಿ, ನಿಮ್ಮಪ್ಪಗ ಓಣಿ ಪೀಡಾನ ಬಡದದ. ನೀ ಆ ಕೆಲಸಕ್ಕ ಹೋಗಬ್ಯಾಡ." ಅವನು ಸಮಾಧಾನದಿಂದ ಕಣ್ಣು ಮುಚ್ಚಿದ್ದು ನೆನಪಿದೆ. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಓಣಿಯಿಂದ ಮಣ್ಣಿಗೆ ಹೋದವರು ಕಡಿಮೆ. ಎಷ್ಟೇ ಆಗಲಿ ಅವನು ಕೇಳಿದ್ದನ್ನು ಕೊಟ್ಟೆ ಎಂಬ ನೆಮ್ಮದಿಯಲ್ಲಿ ನಾನು ಆ ಮಳೆಗಾಲ ಕಳೆದೆ.

ದೀಪಾವಳಿಯ ಹೊತ್ತಿಗೆ ಘಂಟಾಗಾಡಿಯ ಹಿಂದೆ ಅವಳೇ ಬಂದಳು. ಕಿತ್ತಳೆ ಬಣ್ಣದ ಜಾಕೀಟು ಅವಳಿಗೆ ದೊಡ್ಡದಾಗಿತ್ತು.

"ತಂಗಿ, ನಾ ಅವತ್ತ ಬ್ಯಾಡ ಅಂದಿದ್ನಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಯಾವಾಗ್ರಿ ಸರ?"

"ಪೀಡಾ ಬಡದದ ಅಂತ ಹೇಳಿದ್ನಲ್ಲ, ಅಪ್ಪನ ಮುಂದ."

"ಇಲ್ರಿ. ಉತಾರಾ ಗಿತಾರಾ ಎಲ್ಲಾ ಸುಳ್ಳು, ನಿಮ್ಮಪ್ಪಗ ಡಿಪೋದ ಹೊಗಿ ಬಡದದ, ಅಷ್ಟ, ಅಂದ್ರಿ ನೀವು. ಅಪ್ಪ ಗ್ವಾಡಿ ಕಡಿ ಹೊರಳಿದ. ಅವ್ವನೂ ಕೇಳ್ಯಾಳ, ಬೇಕಾರ ಕೇಳ್ರಿ." ಅವಳ ದನಿಯಲ್ಲಿ ದೂರು ಇರಲಿಲ್ಲ. "ನನಗ ಅದರಿಂದ್ಲೇ ಧೈರ್ಯ ಬಂತ್ರಿ. ಓಣ್ಯಾಗ ಏನೂ ಅಂಜಿಕಿ ಇಲ್ಲಲ್ಲ ಅಂತ ಜಾಗಾ ತಗೊಂಡೆ. ಖೋಲಿ ಉಳೀತು."

ಅವಳ ಅವ್ವನನ್ನು ನಾನು ಕೇಳಿಲ್ಲ. ಎರಡು ದೃಶ್ಯಗಳೂ ನನಗೀಗ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ: ಕಣ್ಣು ಮುಚ್ಚಿದ ಮಾಮಾ, ಗೋಡೆಯ ಕಡೆ ಹೊರಳಿದ ಮಾಮಾ. ಉತಾರಾ ನಂಬದ, ತತ್ತ್ವಶಾಸ್ತ್ರ ಕಲಿಸುವ ನನ್ನಂಥವನು ಯಾವುದನ್ನು ಹೇಳಿರುತ್ತಾನೆ ಎಂದು ಬೇರೆ ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟವಲ್ಲ.

ಅವಳು ನಮ್ಮ ಎರಡು ಡಬ್ಬಿಗಳನ್ನೂ ಬರಿದು ಮಾಡಿ ಕೊಟ್ಟಳು. "ಓಣ್ಯಾಗೇ ಇರ್ತೀಯಲ್ಲವ್ವಾ?" ಎಂದೆ.

"ಕೆಲಸ ಕಲಿಯಾಕ ಈ ತಿಂಗಳಷ್ಟರಿ," ಎಂದಳು, ಗಾಡಿ ಮುಂದೆ ಹೊರಟಿದ್ದರಿಂದ ಅರ್ಧ ಓಡುತ್ತ. "ಹೊಸಬರಿಗೆಲ್ಲ ಮೊದಲ ಡಿಪೋಕ್ಕ ಹಾಕ್ತಾರ."