ಚೋಂದಮ್ಮ ಟೀಚರ್ ಮತ್ತು ಗೆರೆ ದಾಟಿದ ಚೆಂಡು

ನಮ್ಮ ಫ್ಲ್ಯಾಟಿನ ಕೆಳಮನೆಯಲ್ಲಿದ್ದ ಚೋಂದಮ್ಮ ಹತ್ತಿರದ ಶಾಲೆಯಲ್ಲಿ ಆಟದ ಟೀಚರ್. ವಿರಾಜಪೇಟೆ ಕಡೆಯವಳು, ನನಗೆ ಮಗಳ ವಯಸ್ಸು. ಗಂಡ ಪೊನ್ನಣ್ಣ ಸೈನ್ಯದಲ್ಲಿದ್ದುದರಿಂದ ಊರೂರು ಸುತ್ತಿದ್ದಳು. ಎಲ್ಲಿಗೆ ವರ್ಗವಾದರೂ ಪಾತ್ರೆಗಳಿಗಿಂತ ಮೊದಲು, ಕಾಲೇಜಿನಲ್ಲಿ ಆಡಿದ ಹಾಕಿ ಸ್ಟಿಕ್ಕನ್ನು ಲಾರಿಗೆ ಹಾಕುತ್ತಿದ್ದಳಂತೆ. ಸಂಜೆ ನಾನು ಸೊಪ್ಪು ಬಿಡಿಸುತ್ತ ಕೂತರೆ ಪಕ್ಕದಲ್ಲಿ ಕೂತು ಇಂಥದ್ದೆಲ್ಲ ಹೇಳುವಳು.

ರಾಜಧಾನಿಯ ನಮ್ಮ ದ್ವಾರಕಾ ಬಡಾವಣೆಗೆ ಮೆಟ್ರೋ ಬಂದ ವರ್ಷ ನನ್ನ ಮೊಮ್ಮಗಳು ಹರಿಣಿ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಮಾರ್ಕ್ಸು ಕಡಿಮೆ. ಸೊಸೆ ಮನೋರಮಾ ಪರಿಚಯದ ಡಾಕ್ಟರರಿಂದ ಒಂದು ಚೀಟಿ ಬರೆಸಿ ತಂದಳು: ಹುಡುಗಿಗೆ ನಿಶ್ಶಕ್ತಿ, ಆಡಿಸಬಾರದು. ಆಟದ ಪೀರಿಯಡ್ಡಿನಲ್ಲಿ ಲೈಬ್ರರಿಯಲ್ಲಿ ಕೂತು ಲೆಕ್ಕ ಮಾಡಲಿ ಎಂಬುದು ಅವಳ ಯೋಚನೆ. ಡಾಕ್ಟರರು ಮಗುವಿನ ಮುಖವನ್ನೂ ನೋಡಿರಲಿಲ್ಲ.

ಚೀಟಿ ಸುಳ್ಳು. ಆದರೆ ಹರಿಣಿ ಅದನ್ನು ನಂಬಿಬಿಟ್ಟಳು. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ಬಾಗಿಲ ಬಳಿ ಕೂತ ನನಗೆ ಅವಳ ಹೆಜ್ಜೆ ಕೇಳುತ್ತಿತ್ತು. ಮೊದಲನೇ ಮಹಡಿಯಲ್ಲಿ ನಿಲ್ಲುವಳು, ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು. ಏದುಸಿರು ಮೇಲಿನವರೆಗೂ ಬರುತ್ತಿತ್ತು. "ಅಜ್ಜೀ, ಐ ಆಮ್ ವೀಕ್ ನಾ" ಎಂದು ಬ್ಯಾಗೆಸೆದು ಮಲಗುವಳು. ಹದಿನಾಲ್ಕು ವರ್ಷಕ್ಕೇ!

ಚೋಂದಮ್ಮನ ಹತ್ತಿರ ಎಲ್ಲ ಹೇಳಿಕೊಂಡೆ. ಚೀಟಿ ಇರುವ ಮಗುವನ್ನು ಆಡಿಸಿದರೆ ತನ್ನ ಕೆಲಸಕ್ಕೇ ಕುತ್ತು ಎಂದಳು. ಆದರೂ ಮರುವಾರ ಹರಿಣಿಯನ್ನು ಲೈಬ್ರರಿಯಿಂದ ಕರೆಸಿ, ಆಡುವುದು ಬೇಡ, ಗೆರೆ ದಾಟಿದ ಚೆಂಡನ್ನು ನಡೆದು ಹೋಗಿ ತಂದುಕೊಡು, ಸುಸ್ತಾದರೆ ಕೂತುಕೋ ಎಂದಳಂತೆ.

ಮೊದಲ ದಿನ ನಾಲ್ಕು ಚೆಂಡಿಗೇ ಕೂತಳು. ಆಡುವ ಹುಡುಗಿಯರು "ಜಲ್ದಿ ಲಾವೋ, ಮಹಾರಾಣಿ" ಎಂದು ಛೇಡಿಸಿದರು. ಆ ಸಿಟ್ಟಿಗೆ ಹೆಜ್ಜೆ ಬಿರುಸಾಯಿತು. ದಸರಾ ಕಳೆಯುವಷ್ಟರಲ್ಲಿ ಓಡಿ ತರುತ್ತಿದ್ದಳು. ಮನೆಗೆ ಬಂದವಳು ಮಲಗುವ ಬದಲು ಇನ್ನೊಂದು ಚಪಾತಿ ಕೇಳುವಳು.

ಇದು ಮನೋರಮಾಳ ಕಿವಿಗೆ ಬಿತ್ತು. ಸೀದಾ ಕೆಳಗಿಳಿದಳು; ನಾನೂ ಹಿಂದೆಯೇ ಹೋದೆ.

"ಚೀಟಿ ಕೊಟ್ಟ ಮೇಲೂ ಆಡಿಸ್ತಿದೀರಂತೆ?"

"ಆಡಿಸಿಲ್ಲ ಮನೋರಮಾ, ಚೆಂಡು ತರಿಸಿದೀನಿ," ಎಂದಳು ಚೋಂದಮ್ಮ. "ನಿಮಗೆ ಹೇಳದೇ ಇದ್ದದ್ದು ನನ್ನ ತಪ್ಪು. ಪ್ರಿನ್ಸಿಪಾಲರಿಗೆ ಹೇಳೋದಾದ್ರೆ ಹೇಳಿ. ಆದ್ರೆ ಮೊದಲು ಅಮ್ಮನ್ನ ಕೇಳಿ."

ಸೊಸೆ ನನ್ನ ಕಡೆ ತಿರುಗಿದಳು.

"ಹದಿನೈದು ದಿನ ಆಯ್ತಮ್ಮ, ಹರಿಣಿ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಬರ್ತಿದಾಳೆ," ಎಂದೆ. "ಆಫೀಸಿಂದ ಬರುವಾಗ ನೀನೇ ಎರಡು ಕಡೆ ನಿಲ್ತೀಯ. ನನಗೆ ಕೇಳಿಸುತ್ತೆ."

ಮನೋರಮಾ ಆ ಶನಿವಾರ ಹರಿಣಿಯನ್ನು ಅದೇ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಅವರು ಮೊದಲ ಸಲ ಮಗುವಿನ ಎದೆ, ಬೆನ್ನು ಪರೀಕ್ಷಿಸಿ, ಆಡಬಹುದು ಎಂದು ಹೊಸ ಚೀಟಿ ಬರೆದರು. ಲೆಕ್ಕದ ಮಾರ್ಕ್ಸೇನೂ ಆಕಾಶಕ್ಕೇರಲಿಲ್ಲ; ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುವುದು ಮಾತ್ರ ನಿಂತಿತು.

ಚೋಂದಮ್ಮ ತನ್ನ ಹಳೇ ಸ್ಟಿಕ್ಕನ್ನು ಹರಿಣಿಗೆ ಕೊಟ್ಟಳು. ಅಲ್ಲಿಂದ ಮುಂದೆ ಸಂಜೆ ನನಗೆ ಮೊದಲು ಕೇಳುತ್ತಿದ್ದುದು ಮೆಟ್ಟಿಲಿಗೆ ತಾಗುವ ಅದರ ಟಕಟಕ, ಒಂದೇ ಓಟಕ್ಕೆ ಮೂರು ಮಹಡಿ. ಒಮ್ಮೊಮ್ಮೆ ಅದರ ಹಿಂದೆಯೇ, ಎರಡನೇ ಮಹಡಿಯಿಂದ ಮನೋರಮಾಳ ದನಿ:

"ಹರಿಣೀ, ಬಂದು ಈ ತರಕಾರಿ ಚೀಲ ತೊಗೊಂಡು ಹೋಗೇ."