ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟ ಕೈ

ಹೋದ ತಿಂಗಳು ಸಜ್ಜಾದ ಮೇಲಿನ ಹಳೆಯ ಪಾತ್ರೆಗಳನ್ನು ಇಳಿಸುವಾಗ ಅವುಗಳ ಹಿಂದೆ ಸಿಕ್ಕಿಕೊಂಡಿದ್ದ ಒಂದು ಬಟ್ಟೆ ಚೀಲ ಕೈಗೆ ಬಂತು. ಬಿಚ್ಚಿದರೆ ಒಣಗಿದ ನಿಂಬೆಹಣ್ಣಿನ ವಾಸನೆ. ಎರಡು ಹಣ್ಣುಗಳು ಕಪ್ಪಾಗಿ, ಗೋಲಿಯ ಹಾಗೆ ಗಟ್ಟಿಯಾಗಿದ್ದವು. ಜೊತೆಗೆ ಮಡಿಸಿಟ್ಟ ನಾಲ್ಕು ಪ್ಲಾಸ್ಟಿಕ್ ಕವರು, ಒಂದು ಸಣ್ಣ ಟವೆಲ್ಲು, ನನ್ನ ಮಗಳ ಐದನೇ ವರ್ಷದ ಒಂದು ಫ್ರಾಕು. ಆ ಫ್ರಾಕನ್ನು ನಾನು ಯಾರಿಗೋ ಕೊಟ್ಟುಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಅದರ ಒಳಮಗ್ಗುಲಿಗೆ ಬಿಳಿ ಬಟ್ಟೆಯ ತುಂಡೊಂದನ್ನು ಹೊಲಿದಿದ್ದರು. ಮೇಲೆ ಬಾಲ್‌ಪೆನ್ನಿನಲ್ಲಿ ನನ್ನ ಮೊಬೈಲ್ ನಂಬರು.

ನಮ್ಮ ಅತ್ತೆಗೆ ಬರೆಯಲು ಬರುತ್ತಿರಲಿಲ್ಲ. ಬೀದಿ ಕೊನೆಯ ಟೈಲರ್ ಕೈಲಿ ನಂಬರು ಬರೆಸಿರಬೇಕು. ಹೊಲಿಗೆ ಮಾತ್ರ ಅವರದೇ, ಒತ್ತೊತ್ತಾಗಿ, ಎಳೆದರೂ ಬಾರದ ಹಾಗೆ…

ನಾವು ಮದ್ದೂರಿನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಮಂಡ್ಯದಲ್ಲಿ ಕೆಲಸ, ನಾನು ಇಲ್ಲೇ ಒಂದು ಶಾಲೆಯಲ್ಲಿ ಟೀಚರು. ಮಗಳನ್ನು ಸಾಕಿದವರು ಅತ್ತೆಯೇ. ಅವರ ತವರು ಕೊಕ್ಕರೆ ಬೆಳ್ಳೂರು. ಮಗುವಿಗೆ ಅನ್ನ ತಿನ್ನಿಸುವಾಗೆಲ್ಲ ಅವರು ಹೇಳುತ್ತಿದ್ದುದು ಆ ಊರಿನ ಹುಣಸೇಮರದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕತೆ. "ಎಜ್ಜಾರ್ಲೆ ಬಾಯಲ್ಲಿ ಒಂದ್ ಚೀಲ ಇರ್ತದೆ ಮಗಾ, ಮೀನ್ನೆಲ್ಲ ಅದ್ರಾಗೇ ತುಂಬ್ಕಂಡು ಬತ್ತದೆ. ನಿಂಗೂ ತೋರುಸ್ತೀನಿ, ಬಸ್ನಾಗೆ ಓಗವ" ಅನ್ನುತ್ತಿದ್ದರು. ಅಜ್ಜಿ ಮೊಮ್ಮಗಳು ಇಬ್ಬರೇ ಹೋಗುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ನನ್ನ ಅಣ್ಣನ ಮಗುವಿನ ನಾಮಕರಣ ಬಂತು. ನನ್ನ ತವರು ಮಳವಳ್ಳಿಯಿಂದ ಆಚೆ. ಅತ್ತೆ, ನಾನು, ಮಗಳು ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಯಜಮಾನರು ಮಧ್ಯಾಹ್ನ ಬೈಕಿನಲ್ಲಿ ಬರುವವರಿದ್ದರು. ಬಸ್ಸು ಕಿಕ್ಕಿರಿದಿತ್ತು. ಮಳವಳ್ಳಿಯಲ್ಲಿ ಇಳಿಯುವಾಗ ಅತ್ತೆ ಮುಂದೆ, ಒಂದು ಕೈಯಲ್ಲಿ ಉಡುಗೊರೆಯ ಬ್ಯಾಗು, ಇನ್ನೊಂದು ಕೈಯಲ್ಲಿ ಕಂಬಿ. ಮಗಳ ಕೈ ನನ್ನ ಕೈಯಲ್ಲಿತ್ತು. ನೆಲಕ್ಕೆ ಕಾಲಿಟ್ಟ ಕೂಡಲೇ ನನ್ನ ಫೋನು ಬಡಿದುಕೊಂಡಿತು. ಶಾಲೆಯಿಂದ. ಬ್ಯಾಗಿನಿಂದ ಫೋನು ತೆಗೆಯಲು ಮಗಳ ಕೈ ಬಿಟ್ಟೆ. ಅಜ್ಜಿ ಪಕ್ಕದಲ್ಲೇ ಇದ್ದಾರೆ, ಹಿಡಿದುಕೊಳ್ಳುತ್ತಾರೆ ಅಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ… ಮಾತು ಮುಗಿಸಿ ತಿರುಗಿದರೆ ಮಗು ಇಲ್ಲ.

ನಾನು ನಿಂತಲ್ಲೇ ಅಳಲು ಶುರು ಮಾಡಿದೆ. ಅಳುತ್ತಲೇ ಯಜಮಾನರಿಗೆ ಫೋನು ಮಾಡಿ ಮಗು ಕಾಣುತ್ತಿಲ್ಲ ಅಂದೆ, ಅಷ್ಟೇ. ಅತ್ತೆ ಅಳಲಿಲ್ಲ. ಬ್ಯಾಗನ್ನು ನನ್ನ ಕಾಲ ಬಳಿ ಇಟ್ಟು, ನಿಂತಿದ್ದ ಒಂದೊಂದೇ ಬಸ್ಸು ಹತ್ತಿ ಇಳಿದರು. ಮಂಡಿನೋವಿನ ಹೆಂಗಸು. ಒಂದು ಚಪ್ಪಲಿ ಕಿತ್ತುಹೋಯಿತು, ಬಿಟ್ಟು ನಡೆದರು. ಕೊನೆಗೆ ಕೊಳ್ಳೇಗಾಲದ ಬಸ್ಸಿನಿಂದ ಮಗಳನ್ನು ಎತ್ತಿಕೊಂಡು ಇಳಿದರು. ಅವರ ಸೀರೆಯಂಥದೇ ಹಸಿರು ಸೀರೆ ಉಟ್ಟ ಯಾರೋ ಮುದುಕಿಯ ಸೆರಗು ಹಿಡಿದುಕೊಂಡು ಮಗು ಆ ಬಸ್ಸು ಹತ್ತಿತ್ತು. ಕಂಡಕ್ಟರ್ ಆಗಲೇ ವಿಷಲ್ ಊದಿದ್ದನಂತೆ.

ಮಧ್ಯಾಹ್ನ ಯಜಮಾನರು ಬಂದವರೇ, ಊಟಕ್ಕೆ ಕೂತಿದ್ದ ನನ್ನ ತವರಿನವರ ಎದುರಿಗೇ ಅವರಮ್ಮನ ಮೇಲೆ ಕೂಗಾಡಿದರು.

"ಒಂದ್ ಮಗೀನ ಕೈ ಇಡ್ಕಂಡಿರಕ್ಕಾಗ್ನಿಲ್ವೇನವ್ವಾ ನಿಂಗೆ?"

ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ನಾನು ಮಗಳ ತಲೆ ಸರಿಮಾಡುತ್ತಾ ಕೂತಿದ್ದೆ.

"ಊಂ ಕಣಪ್ಪ, ಕೈ ಜಾರೋಯ್ತು" ಅಂದರು ಅತ್ತೆ.

ಮಾರನೇ ದಿನ ಅಡುಗೆಮನೆಯಲ್ಲಿ ನಾನು ಹೇಗೋ ಮಾತು ತೆಗೆದೆ. ಅವರು ಸೊಪ್ಪು ಸೋಸುತ್ತಿದ್ದರು, ತಲೆಯೆತ್ತಲಿಲ್ಲ.

"ಬುಡು ಕಣವ್ವ, ಮಗು ಸಿಕ್ತಲ್ಲ. ನನ್ ಮ್ಯಾಲಾದ್ರೆ ಅವ್ನು ಎಲ್ಡು ದಿನ ಬಯ್ದು ಸುಮ್ಕಾಯ್ತನೆ. ನಿನ್ ಮ್ಯಾಲಾದ್ರೆ ಜಲ್ಮೆಲ್ಲ ಆಡ್ಕತನೆ."

ನನಗೆ ಎದೆ ಹಗುರಾಯಿತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಅವರ ಲೆಕ್ಕದಲ್ಲಿ ಅದು ಎರಡು ದಿನದ ಬೈಗುಳ. ಮಗುವನ್ನೇ ತನ್ನ ಕೈಗೆ ಕೊಡುವುದಿಲ್ಲ ಎಂದಾಗುತ್ತದೆಂದು ಅವರು ಎಣಿಸಿರಲಿಲ್ಲ. ಯಜಮಾನರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು: ಅವ್ವನ ಜೊತೆ ಮಗು ಗೇಟು ದಾಟಬಾರದು. ಅಂಗನವಾಡಿ ಪಕ್ಕದ ಅಂಗಡಿಗೂ ಇಲ್ಲ. ಅತ್ತೆ ಗೇಟಿನ ಒಳಗೆ ನಿಂತು ಮೊಮ್ಮಗಳು ಶಾಲೆಯ ವ್ಯಾನು ಹತ್ತುವುದನ್ನು ನೋಡುತ್ತಿದ್ದರು.

ಹಕ್ಕಿಗಳು ಬಂದ ಸುದ್ದಿ ಅವರ ತವರಿನಿಂದ ಬಂತು. ಹೆಂಗಸರಿಗೆ ಬಸ್ಸು ಫ್ರೀ ಆಗಿದ್ದ ಕಾಲ. ಒಂದು ಬೆಳಿಗ್ಗೆ ಅತ್ತೆ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಯಾರಿಗೂ ಹೇಳದೆ ಹೋದರು. ಸಂಜೆ ನಾವು ಗಾಬರಿಯಲ್ಲಿದ್ದಾಗ ಬಂದು, ಕಾಲು ತೊಳೆದುಕೊಂಡು, ಮಗನ ಮುಂದೆ ಕೂತರು. ಪರೀಕ್ಷೆಗೆ ಓದಿಕೊಂಡವರ ಹಾಗೆ ಒಪ್ಪಿಸಿದರು.

"ಒತ್ತಾರೆ ಬಸ್ಸು ಬ್ಯಾಡ ಕಣಪ್ಪ, ಜನ ಜಾಸ್ತಿ. ಅತ್ ಗಂಟೆದು ಖಾಲಿ ಬತ್ತದೆ. ಅತ್ತುವಾಗ ಮಗೀನ ಮುಂದೆ ಅತ್ತುಸ್ತೀನಿ, ಇಳಿವಾಗ ನಾನ್ ಮೊದ್ಲು ಇಳ್ದು ಎತ್ಕತೀನಿ. ಕ್ರಾಸಲ್ಲಿ ರೋಡ್ ದಾಟಂಗಿಲ್ಲ, ಆಟೋ ಈ ಕಡೆಗೇ ನಿಂತಿರ್ತವೆ. ನೀರು ಮನೆಯಿಂದ್ಲೇ ತಕ್ಕೋಯ್ತೀನಿ. ಕೈ ಬುಡಾಕಿಲ್ಲ ಕಣಪ್ಪ, ನಿನ್ನಾಣೆ."

ಮಾಡದ ತಪ್ಪಿಗೆ ಆಣೆ ಇಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಅವರು ಈ ಸಲ ನನ್ನ ಕಡೆ ನೋಡಲೂ ಇಲ್ಲ. ನಾನು ಹೇಳುತ್ತೇನೆಂಬ ಆಸೆ ಬಿಟ್ಟಿದ್ದರೋ, ನನಗೆ ಮುಜುಗರವಾಗಬಾರದೆಂದೋ…

"ಮುಂದಿನ್ ವರ್ಷ ಕಾರ್ ತಗತೀವಲ್ಲ, ಎಲ್ರೂ ಓಗವ ಬುಡವ್ವ" ಅಂದರು ಯಜಮಾನರು. ಅವರಿಗೆ ಸಿಟ್ಟೇನೂ ಇರಲಿಲ್ಲ. ಅವರಿಗೆ ಗೊತ್ತಿದ್ದುದರ ಪ್ರಕಾರ ಅದು ಸರಿಯಾದ ಮಾತೇ.

ಅತ್ತೆ ಎದ್ದು ಮಗಳಿಗೆ ಅನ್ನ ಕಲೆಸಲು ಹೋದರು. ಆ ಚೀಲವನ್ನು ಅವರು ಆ ಮೊದಲೇ ಕಟ್ಟಿಟ್ಟಿದ್ದರೋ, ಆಮೇಲೂ ಆಸೆಯಿಂದ ಕಟ್ಟಿದರೋ ನನಗೆ ತಿಳಿಯದು. ಬಸ್ಸಿನಲ್ಲಿ ಮಗಳಿಗೆ ವಾಂತಿಯಾಗುತ್ತದೆಂದು ನಿಂಬೆಹಣ್ಣು ಇಟ್ಟಿದ್ದರು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವರಿಗೆ ಲಕ್ವ ಹೊಡೆಯಿತು. ಮಾತು ಹೋಯಿತು. ಮೂರು ತಿಂಗಳು ಮಲಗಿದ್ದರು. ಎಡಗೈಯಲ್ಲಿ ಮಗಳ ಬೆರಳು ಹಿಡಿದುಕೊಂಡಿರುತ್ತಿದ್ದರು. ಅವರ ಪಕ್ಕ ಕೂತು ಎಷ್ಟೋ ಸಲ ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡೆ. ಹೇಳದೆಯೇ ಅವರನ್ನು ಕಳಿಸಿಕೊಟ್ಟೆ.

ಕಾರು ಬಂತು. ಚೀಲ ಸಿಕ್ಕ ಮರುವಾರ, ಭಾನುವಾರ, ನಾನೇ ಹಟ ಮಾಡಿ ಬೆಳ್ಳೂರಿಗೆ ಹೊರಡಿಸಿದೆ. ಹಿಂದಿನ ಸೀಟಿನಲ್ಲಿ ಮಗಳು, ಪಕ್ಕದ ಮನೆಯ ಅವಳ ಗೆಳತಿ. ದಾರಿಯಲ್ಲಿ ಮಗಳು ಗೆಳತಿಗೆ ಹೇಳುತ್ತಿದ್ದಳು.

"ನಮ್ಮಜ್ಜಿ ಒಂದ್ಸಲ ನನ್ನ ಬಸ್‌ಸ್ಟ್ಯಾಂಡಲ್ಲಿ ಕಳೆದುಬಿಟ್ಟಿದ್ರು ಗೊತ್ತಾ?"

ಇಬ್ಬರೂ ನಕ್ಕರು. ಸ್ಟೇರಿಂಗ್ ಹಿಡಿದಿದ್ದ ಯಜಮಾನರೂ ಮೆಲ್ಲಗೆ ನಕ್ಕರು. ಅವ್ವನ ನೆನಪಾಗಿ ಪ್ರೀತಿಯಿಂದಲೇ ನಕ್ಕರು.

"ಅಜ್ಜಿ ಅಲ್ಲ" ಅಂದೆ. "ಕೈ ಬಿಟ್ಟಿದ್ದು ನಾನು. ನಿನ್ನ ಹುಡುಕಿ ತಂದಿದ್ದು ಅಜ್ಜಿ."

ಯಜಮಾನರು ಕಾರು ನಿಧಾನ ಮಾಡಿ ಪಕ್ಕಕ್ಕೆ ತಂದು ನಿಲ್ಲಿಸಿದರು. ಎಂಜಿನ್ ಆರಿಸಿ, ಕೀಲಿಯ ಮೇಲೆ ಕೈ ಇಟ್ಟುಕೊಂಡೇ ಕೂತರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಅವ್ವ ಯಾಕ್ ಏಳ್ನಿಲ್ಲ?" ಅಂದರು, ನನ್ನನ್ನು ಕೇಳಿದ ಹಾಗೂ ಇರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಹಿಂದಿನಿಂದ ಮಗಳು ಮುಂದಕ್ಕೆ ಬಾಗಿದಳು. ಅವಳಿಗೆ ಈಗ ಎಂಟು ವರ್ಷ.

"ಹಾಗಾದ್ರೆ ಅಜ್ಜಿ ಜೊತೆ ನನ್ನ ಯಾಕಮ್ಮ ಕಳಿಸ್ಲಿಲ್ಲ?"

ಸ್ವಲ್ಪ ಹೊತ್ತು ಕಾದು, ಅವಳು ಹಿಂದಕ್ಕೆ ಒರಗಿ ಕಿಟಕಿಯ ಕಡೆ ತಿರುಗಿಕೊಂಡಳು.